ಕನ್ನಡಕದ ಡಬ್ಬಿ ಮೇಲೆ ‘ನ್ಯಾನೋ’ ಅಂತಿದ್ದರೆ ಸಾಲದು, ಅಂಕಿ ಕೊಡಿ

ಸಂಪಾದಕರೇ,

ಕಣ್ಣು ಕಾಯುವ ನ್ಯಾನೋ ಫಿಲ್ಟರ್ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಹಾನಿ ಮಾಡುವ ಬೆಳಕನ್ನು ತಡೆದು, ಉಳಿದದ್ದನ್ನು ಒಳಗೆ ಬಿಡುವ ತೆಳು ಪದರ ಬರುತ್ತಿದೆ ಎಂಬುದು ಅದರ ಸಾರ. ಬರಹ ಓದಿಸಿಕೊಂಡು ಹೋಯಿತು. ಆದರೆ ಅದರಲ್ಲಿ ಒಂದೇ ಒಂದು ತರಂಗಾಂತರದ, ಅಂದರೆ ಬೆಳಕಿನ ಅಲೆಯ ಉದ್ದದ, ಹೆಸರಿರಲಿಲ್ಲ. ಯಾವ ಬೆಳಕನ್ನು ತಡೆಯುತ್ತದೆ, ನೂರಕ್ಕೆ ಎಷ್ಟು ಪಾಲು ತಡೆಯುತ್ತದೆ, ಎಷ್ಟು ಪ್ರಖರ ಬೆಳಕಿನವರೆಗೆ ತಡೆಯುತ್ತದೆ, ಯಾವುದೂ ಇರಲಿಲ್ಲ. ‘ಹಾನಿಕರ ಬೆಳಕು’ ಅಂತ ಮಾತ್ರ ಇತ್ತು. ಕನ್ನಡಕದ ಡಬ್ಬಿಯ ಮೇಲೂ ಇಷ್ಟೇ ಇರುತ್ತದೆ. ಡಬ್ಬಿಯಲ್ಲಿ ಇಲ್ಲದ್ದನ್ನು ಪತ್ರಿಕೆಯಾದರೂ ಹೇಳಬೇಕು ಎಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಜಾಗ ಕೊಡಿ.

ನಾನು ಲೆನ್ಸ್ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನನ್ನ ಮುಂದೆ ಒಂದು ಸ್ಪೆಕ್ಟ್ರೋಫೋಟೊಮೀಟರ್ ಇರುತ್ತದೆ. ಅದರ ಕಿಂಡಿಯಲ್ಲಿ ಲೆನ್ಸ್ ಇಟ್ಟು ಮುಚ್ಚಳ ಹಾಕಿದರೆ, ಯಂತ್ರ ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ನೇರಳಾತೀತದಿಂದ ಕೆಂಪಿನ ಆಚೆಗಿನ, ಅದೂ ಕಾಣದ ಅವಕೆಂಪಿನವರೆಗೆ ಒಂದೊಂದೇ ತರಂಗಾಂತರದ ಬೆಳಕನ್ನು ಆ ಲೆನ್ಸ್ ಮೂಲಕ ಹಾಯಿಸುತ್ತಾ ಹೋಗುತ್ತದೆ. ಎಷ್ಟು ಆಚೆ ಬಂತು ಎಂದು ಅಳೆದು ಗೆರೆ ಎಳೆಯುತ್ತದೆ. ಕೆಲವೇ ನಿಮಿಷಗಳ ಕೆಲಸ. ಆ ಗೆರೆ ಎಲ್ಲಿ ನೆಲಕ್ಕೆ ಅಂಟಿಕೊಂಡಿದೆ, ಎಲ್ಲಿ ಮೇಲೇಳುತ್ತದೆ ಎಂದು ನೋಡಿದರೆ ಲೆನ್ಸಿನ ಯೋಗ್ಯತೆ ತಿಳಿಯುತ್ತದೆ. ಲೆನ್ಸ್ ಕಪ್ಪಗಿದೆಯೋ ಹಳದಿಯೋ, ಮೇಲ್ಮೈಯಲ್ಲಿ ನೀಲಿ ಮಿಂಚು ಕಾಣುತ್ತದೋ ಇಲ್ಲವೋ, ಇವನ್ನೆಲ್ಲ ನೋಡಿ ಅದನ್ನು ಹೇಳಲು ಬರುವುದಿಲ್ಲ.

ಲೆನ್ಸ್ ಹಿಡಿದುಕೊಂಡು ಬರುವವರಲ್ಲಿ ಬಹಳ ಜನ ಒಂದೇ ಮಾತು ಹೇಳುತ್ತಾರೆ. ‘ಮೇಡಂ, ಇದು ನೀಲಿ ಬೆಳಕು ತಡೆಯುತ್ತದೆ, ಅಂಗಡಿಯಲ್ಲೇ ತೋರಿಸಿದರು.’ ಏನು ತೋರಿಸಿದರು ಎಂಬುದು ನನಗೆ ಗೊತ್ತು. ಪೆನ್ನಿನಂಥ ಒಂದು ನೇರಳೆ ಟಾರ್ಚ್ ತೆಗೆದು ಬಿಳಿ ಕಾರ್ಡಿನ ಮೇಲೆ ಬಿಡುತ್ತಾರೆ. ಚುಕ್ಕೆ ಪಳಪಳ ಹೊಳೆಯುತ್ತದೆ. ನಡುವೆ ಸಾದಾ ಲೆನ್ಸ್ ಹಿಡಿದರೆ ಚುಕ್ಕೆ ಹಾಗೇ ಉಳಿಯುತ್ತದೆ. ‘ಬ್ಲೂ ಕಟ್’ ಲೆನ್ಸ್ ಹಿಡಿದರೆ ಚುಕ್ಕೆ ಮಾಯ. ಕಣ್ಣಾರೆ ಕಂಡ ಮೇಲೆ ಯಾರು ತಾನೇ ನಂಬುವುದಿಲ್ಲ?

ತರಂಗಾಂತರವನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ಹೇಳುತ್ತೇವೆ, ಅದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಮುಂದೆ ಬರುವ ತರಂಗಾಂತರದ ಅಂಕಿಗಳೆಲ್ಲ ಅದರಲ್ಲೇ. ಆ ಟಾರ್ಚಿನ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರ್‌ನದು. ಅಂದರೆ ನೇರಳಾತೀತಕ್ಕೆ ತಾಗಿಕೊಂಡ ನೇರಳೆ ಬಣ್ಣ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾಕ್ಕೆ ನೀಲಿ ಬೆಳಕಿನ ಅಪಾಯ ಅತಿ ಹೆಚ್ಚು ಇರುವುದು 435ರಿಂದ 440ರ ಆಸುಪಾಸಿನಲ್ಲಿ. ಮೊಬೈಲ್ ಮತ್ತು ಬಿಳಿ ಎಲ್‌ಇಡಿ ದೀಪದ ನೀಲಿ ಶಿಖರ ಬೀಳುವುದು ಹೆಚ್ಚು ಕಡಿಮೆ 450ರಲ್ಲಿ. ಇತ್ತೀಚೆಗೆ ಒಬ್ಬರು ತಂದ ಇಂಥ ಲೆನ್ಸನ್ನು ಅವರ ಎದುರೇ ಯಂತ್ರಕ್ಕೆ ಹಾಕಿದೆ. 400ರವರೆಗೆ ಗೆರೆ ನೆಲ ಬಿಟ್ಟು ಏಳಲಿಲ್ಲ. 405ರಲ್ಲೂ ಸೊನ್ನೆಯ ಹತ್ತಿರ. 410 ದಾಟಿತು ನೋಡಿ, ಗೆರೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲೆ ಹೋಯಿತು. 440ಕ್ಕೆ ಬರುವಷ್ಟರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಬೆಳಕು ಆಚೆ ಬರುತ್ತಿತ್ತು. 450ರಲ್ಲಿ 90ರ ಹತ್ತಿರ. ಟಾರ್ಚಿನ ಪರೀಕ್ಷೆಯಲ್ಲಿ ಲೆನ್ಸ್ ನೂರಕ್ಕೆ ನೂರು ಪಾಸು. ಯಾವ ಬೆಳಕಿಗೆ ಹೆದರಿ ಅವರು ಅದನ್ನು ಕೊಂಡರೋ ಆ ಬೆಳಕು ಮಾತ್ರ ಆರಾಮವಾಗಿ ಒಳಗೆ ಬರುತ್ತಿತ್ತು.

ಆ ಲೆನ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 400ರ ಕೆಳಗಿನ ನೇರಳಾತೀತವನ್ನು ಅಷ್ಟು ಚೊಕ್ಕವಾಗಿ ತಡೆಯುವ ಲೆನ್ಸ್ ಒಳ್ಳೆಯದೇ. ಅದನ್ನು ಅದರ ಹೆಸರಿನಲ್ಲೇ ಮಾರಬೇಕು ಎಂಬುದಷ್ಟೇ ನನ್ನ ಮಾತು. (ಇನ್ನೊಂದು ವಿಷಯ. ಆ ಪೆನ್ ಟಾರ್ಚ್ ಬಹಳ ಸಲ ಲೇಸರ್ ಆಗಿರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ, ಯಾರ ಮುಖದ ಕಡೆಗೂ ತಿರುಗಿಸಬೇಡಿ.)

ನೀಲಿ ಬೆಳಕಿನ ಭಯ ಸುಮ್ನೆ ಹುಟ್ಟಿದ್ದಲ್ಲ. 1976ರಲ್ಲಿ ವಿಜ್ಞಾನಿ ವಿಲಿಯಂ ಹ್ಯಾಮ್ ಮತ್ತು ಸಂಗಡಿಗರು ಕೋತಿಗಳ ರೆಟಿನಾದ ಮೇಲೆ ಬೇರೆ ಬೇರೆ ತರಂಗಾಂತರದ ಲೇಸರ್ ಬಿಟ್ಟು ನೋಡಿದರು. 1064 ನ್ಯಾನೋಮೀಟರ್‌ನ ಅವಕೆಂಪಿಗಿಂತ 441ರ ನೀಲಿ ಬಹಳ ಕಡಿಮೆ ಶಕ್ತಿಯಲ್ಲೇ ಗಾಯ ಮಾಡಿತು. ಅದು ಸುಟ್ಟ ಗಾಯ ಅಲ್ಲ, ರಾಸಾಯನಿಕ ಕ್ರಿಯೆಯಿಂದ ಆದದ್ದು. ಆದರೆ ಅಲ್ಲಿ ಬಿಟ್ಟದ್ದು ಒಂದೇ ಜಾಗಕ್ಕೆ ಕೂಡಿಸಿದ ಲೇಸರ್, ಅದೂ ನಿಮಿಷಗಟ್ಟಲೆ. ಮೊಬೈಲ್ ಪರದೆಯ ಬೆಳಕು ಅದರ ಹತ್ತಿರಕ್ಕೂ ಬರುವುದಿಲ್ಲ. ಹಗಲಿನ ನೀಲಿ ಆಕಾಶವೇ ಪರದೆಗಿಂತ ಹತ್ತಾರು ಪಟ್ಟು ಬೆಳಗುತ್ತಿರುತ್ತದೆ. 2023ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಕಂಪ್ಯೂಟರ್ ಮುಂದೆ ಕೂತವರ ಕಣ್ಣಿನ ಆಯಾಸವನ್ನು ನೀಲಿ ತಡೆಯುವ ಕನ್ನಡಕ ಅಲ್ಪಾವಧಿಯಲ್ಲಿ ಕಡಿಮೆ ಮಾಡುವ ಸಾಧ್ಯತೆ ಇಲ್ಲ ಎಂದಿತು. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ, ಕಣ್ಣು ಒಣಗುತ್ತದೆ. ದೂರಕ್ಕೆ ನೋಡದೆ ಹತ್ತಿರದಲ್ಲೇ ದೃಷ್ಟಿ ನೆಟ್ಟಿರುತ್ತದೆ. ಇದಕ್ಕೆ ಯಾವ ಫಿಲ್ಟರ್ ಏನು ಮಾಡೀತು?

ಹಾಗಾದರೆ ಹಾನಿ ಮಾಡುವ ಬೆಳಕು ಯಾವುದು? ಕಣ್ಣಿನ ಯಾವ ಭಾಗಕ್ಕೆ ಯಾವ ಬೆಳಕು ಮುಟ್ಟುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ಸುಮಾರು 300ಕ್ಕಿಂತ ಕಡಿಮೆ ತರಂಗಾಂತರದ ನೇರಳಾತೀತವನ್ನು ಹೆಚ್ಚಾಗಿ ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ತಾನೇ ಹೀರುತ್ತದೆ. ಅಲ್ಲಿಂದ 400ರವರೆಗಿನ ಬಹುಪಾಲನ್ನು ಒಳಗಿನ ಮಸೂರ ಹೀರುತ್ತದೆ. ದೊಡ್ಡವರಲ್ಲಿ ರೆಟಿನಾ ತನಕ ಹೋಗುವುದು ತೀರಾ ಸ್ವಲ್ಪ. ಮಕ್ಕಳ ಮಸೂರ ತಿಳಿಯಾಗಿರುವುದರಿಂದ ಅವರಲ್ಲಿ ಇನ್ನಷ್ಟು ಒಳಗೆ ಹೋಗುತ್ತದೆ. 400ರಿಂದ 1400ರವರೆಗಿನ ಬೆಳಕನ್ನು ಕಣ್ಣು ರೆಟಿನಾದ ಮೇಲೆ ಕೂಡಿಸುತ್ತದೆ. ಇದರಲ್ಲಿ ಸುಮಾರು 780ರ ಆಚೆಗಿನದು ನಮಗೆ ಕಾಣುವುದೇ ಇಲ್ಲ. ಅಂದರೆ ಕಾರ್ನಿಯಾದ ಉರಿ, ಮಸೂರದ ಪೊರೆ, ರೆಟಿನಾದ ಗಾಯ ಇವು ಮೂರಕ್ಕೂ ಕಾರಣವಾಗುವ ಬೆಳಕು ಬೇರೆ ಬೇರೆ. ಒಂದೇ ಫಿಲ್ಟರ್ ಎಲ್ಲಕ್ಕೂ ಮದ್ದು ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಇನ್ನು ನ್ಯಾನೋ ಕಣಗಳ ವಿಷಯಕ್ಕೆ ಬರುತ್ತೇನೆ. ನನಗೆ ತುಂಬಾ ಇಷ್ಟವಾದ ವಿಷಯ ಇದು. ನಿಮ್ಮ ಬರಹ ಇಲ್ಲಿ ನಿಧಾನ ಮಾಡಬೇಕಿತ್ತು.

ಟೈಟಾನಿಯಂ ಡೈಆಕ್ಸೈಡ್ ಅಂದರೆ ಗೋಡೆಗೆ ಬಳಿಯುವ ಬಿಳಿ ಬಣ್ಣದ ಪುಡಿ. ಸತುವಿನ ಆಕ್ಸೈಡ್ ಕೂಡ ಬಿಳಿ ಪುಡಿಯೇ. ಇವನ್ನು ಪಾರದರ್ಶಕ ಲೆನ್ಸಿಗೆ ಬೆರೆಸಿದರೆ ಲೆನ್ಸ್ ಹೇಗೆ ಪಾರದರ್ಶಕವಾಗಿ ಉಳಿಯುತ್ತದೆ? ಪುಡಿಯ ಕಣ ದೊಡ್ಡದಿದ್ದರೆ ಉಳಿಯುವುದಿಲ್ಲ. ಕಣ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ನೀರಿಗೆ ಹಾಲಿನ ಹನಿ ಬಿದ್ದ ಹಾಗೆ ಲೆನ್ಸ್ ಮಸುಕಾಗುತ್ತದೆ. ಕಣವನ್ನು ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದು ಮಾಡಿದರೆ ಚೆದುರಿಕೆ ಥಟ್ಟನೆ ಬೀಳುತ್ತದೆ. ಅಷ್ಟು ಚಿಕ್ಕ ಕಣದ ಅಗಲ ಇನ್ನೂ ಅರ್ಧವಾದರೆ ಆ ಒಂದು ಕಣ ಚೆದುರಿಸುವ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಹೀರುವ ಗುಣ ಹಾಗೆ ಬೀಳುವುದಿಲ್ಲ. ಅದು ವಸ್ತುವಿನ ಒಳಗಿನ ಎಲೆಕ್ಟ್ರಾನುಗಳಿಗೆ ಸಂಬಂಧಿಸಿದ್ದು. ರುಟೈಲ್ ಎಂಬ ಹರಳು ರೂಪದ ಟೈಟಾನಿಯಂ ಡೈಆಕ್ಸೈಡ್‌ನಲ್ಲಿ ಎಲೆಕ್ಟ್ರಾನ್ ಮೇಲಿನ ಹಂತಕ್ಕೆ ಏರಲು ಸುಮಾರು 3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಲೆಕ್ಕ ಹಾಕಿದರೆ ಅದು 413 ನ್ಯಾನೋಮೀಟರ್‌ನ ಬೆಳಕು. ಅದಕ್ಕಿಂತ ಕಡಿಮೆ ತರಂಗಾಂತರದ ಬೆಳಕಿಗೆ ಆ ಶಕ್ತಿ ಇದೆ, ಹಾಗಾಗಿ ಅದನ್ನು ಕಣ ಹೀರುತ್ತದೆ. ಅದಕ್ಕಿಂತ ಹೆಚ್ಚಿನದು ಹಾದುಹೋಗುತ್ತದೆ. ಸತುವಿನ ಆಕ್ಸೈಡಿಗೆ ಸುಮಾರು 3.3 ಬೇಕು, ಅದರ ಗಡಿ 375ರ ಹತ್ತಿರ. ಕಾಣುವ ಬೆಳಕನ್ನು ಬಿಟ್ಟು, ಕಾಣದ ನೇರಳಾತೀತವನ್ನು ಹಿಡಿಯುವ ಗಡಿ ಈ ಎರಡು ಪುಡಿಗಳಲ್ಲಿ ತಾನಾಗಿಯೇ ಸರಿಯಾದ ಕಡೆ ಬಿದ್ದಿದೆ. ಇದನ್ನು ಮೊದಲ ಸಲ ಗೆರೆಯಲ್ಲಿ ಕಂಡಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಕೆಲಸ ಕೆಡುವುದು ಎಲ್ಲಿ ಅಂದರೆ ಕಣಗಳು ಗಂಟು ಕಟ್ಟಿಕೊಳ್ಳುವಲ್ಲಿ. ಇಷ್ಟು ಚಿಕ್ಕ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ಕಾದಿರುತ್ತವೆ. ಪುಡಿ 20 ನ್ಯಾನೋಮೀಟರ್‌ನದು ಎಂದು ಚೀಟಿಯಲ್ಲಿ ಬರೆದಿರಬಹುದು, ಲೆನ್ಸಿನೊಳಗೆ ಅದು 500ರ ಗಂಟಾಗಿ ಕೂತಿರಬಹುದು. ಇಂಥ ಲೆನ್ಸನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ತೆಳು ಮಂಜು ಕಾಣುತ್ತದೆ. ರಾತ್ರಿ ಎದುರಿಂದ ವಾಹನ ಬಂದಾಗ ಹೆಡ್‌ಲೈಟಿನ ಸುತ್ತ ಪ್ರಭೆ ಹರಡುತ್ತದೆ. ಹಾಗಾಗಿ ಪುಡಿಯ ಕಣ ಎಷ್ಟು ದೊಡ್ಡದು ಎಂದು ಹೇಳಿದರೆ ಸಾಲದು, ಸಿದ್ಧವಾದ ಲೆನ್ಸ್ ಎಷ್ಟು ಮಸುಕು ಎಂದು ಅಳೆದು ಹೇಳಬೇಕು.

ಎರಡನೆಯ ತೊಂದರೆ ಬಾಳಿಕೆಯದು. ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಹೀರಿಕೊಂಡು ಸುಮ್ಮನೆ ಕೂರುವುದಿಲ್ಲ. ತನ್ನ ಮೈಗೆ ತಾಗಿದ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಕೆಡಿಸುತ್ತದೆ. ಲೆನ್ಸ್ ಕ್ರಮೇಣ ಹಳದಿಯಾಗಬಹುದು, ಬಿರುಕು ಬಿಡಬಹುದು. ಇದನ್ನು ತಡೆಯಲು ಒಂದೊಂದು ಕಣಕ್ಕೂ ಸಿಲಿಕಾ ಅಥವಾ ಅಲ್ಯುಮಿನಾದ ಹೊದಿಕೆ ಹಾಕುತ್ತಾರೆ. ಹೊದಿಕೆ ಇದೆಯಾ, ಬಿಸಿಲಲ್ಲಿ ಇಟ್ಟು ಪರೀಕ್ಷಿಸಿದ್ದಾರಾ ಎಂದು ಕೇಳಬೇಕಾದ್ದು ಇಲ್ಲಿ. ಇನ್ನೊಂದು ಕಡೆ, ಈಗ ಮಾರುವ ಎಷ್ಟೋ ಪ್ಲಾಸ್ಟಿಕ್ ಲೆನ್ಸುಗಳಲ್ಲಿ ನೇರಳಾತೀತ ಹೀರುವುದು ಪ್ಲಾಸ್ಟಿಕ್ಕಿನಲ್ಲೇ ಕರಗಿಸಿದ ಸಾವಯವ ರಾಸಾಯನಿಕ. ಅದೂ ಒಳ್ಳೆಯ ಕೆಲಸವನ್ನೇ ಮಾಡುತ್ತದೆ, ಆದರೆ ಬೆಳಕು ಹೀರುತ್ತಾ ಹೀರುತ್ತಾ ಕೆಲವು ಸವೆಯುತ್ತವೆ. ಚೆನ್ನಾಗಿ ಹೊದಿಸಿದ ಆಕ್ಸೈಡ್ ಕಣ ಹಾಗೆ ಸವೆಯುವುದಿಲ್ಲ. ನ್ಯಾನೋ ಕಣಗಳ ಮೇಲೆ ನನಗೆ ಭರವಸೆ ಇರುವುದು ಈ ಕಾರಣಕ್ಕೆ.

ಇದೆಲ್ಲ ಹೊಸದಾಗಿ ಬಂದದ್ದೂ ಅಲ್ಲ. ಗಾಜಿನ ಕುಲುಮೆ ಮುಂದೆ ದುಡಿಯುವವರಿಗೆ ಕಣ್ಣಿನ ಪೊರೆ ಬರುವುದನ್ನು ತಡೆಯಲು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಗಾಜಿಗೆ ಬೇರೆ ಬೇರೆ ಲೋಹದ ಆಕ್ಸೈಡ್ ಸೇರಿಸಿ ನೋಡಿದ. ಫಲಿತಾಂಶ ಪ್ರಕಟವಾದದ್ದು 1914ರಲ್ಲಿ. ಆಗ ಅವನಿಗೆ 80 ದಾಟಿತ್ತು. ಯಾವ ಗಾಜು ಎಷ್ಟು ಶಾಖ ತಡೆಯುತ್ತದೆ, ಎಷ್ಟು ನೇರಳಾತೀತ ತಡೆಯುತ್ತದೆ, ಎಷ್ಟು ಬೆಳಕು ಬಿಡುತ್ತದೆ ಎಂದು ಬೇರೆ ಬೇರೆಯಾಗಿಯೇ ಅಳೆದ. ನೇರಳಾತೀತಕ್ಕೆ ಅವನು ನೆಚ್ಚಿದ ಸೀರಿಯಂ ಆಕ್ಸೈಡನ್ನು ಇಂದಿಗೂ ನ್ಯಾನೋ ಕಣವಾಗಿ ಪಾರದರ್ಶಕ ಲೇಪಗಳಿಗೆ ಬೆರೆಸುತ್ತಾರೆ. ಪ್ರಯೋಗಾಲಯದ ಹಳದಿ, ಕೆಂಪು ಫಿಲ್ಟರ್ ಗಾಜುಗಳ ಬಣ್ಣ ಬರುವುದೂ ಗಾಜಿನೊಳಗೆ ಹುಟ್ಟಿದ ಕ್ಯಾಡ್ಮಿಯಂ ಸಲ್ಫೈಡ್, ಸೆಲೆನೈಡ್‌ಗಳ ನ್ಯಾನೋ ಹರಳುಗಳಿಂದ. ಹರಳಿನ ಗಾತ್ರ ಬದಲಾದರೆ ಹೀರುವ ಗಡಿಯೂ ಸರಿಯುತ್ತದೆ. ವಿಜ್ಞಾನಿ ಅಲೆಕ್ಸಿ ಎಕಿಮೊವ್ ಇದನ್ನು ಬಣ್ಣದ ಗಾಜಿನಲ್ಲೇ ಕಂಡರು. 2023ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಲೂಯಿ ಬ್ರೂಸ್, ಮೌಂಗಿ ಬಾವೆಂಡಿ ಅವರಿಗೂ ಸಿಕ್ಕಿದ್ದು ಇಂಥ ನ್ಯಾನೋ ಹರಳುಗಳಿಗೆ, ಅಂದರೆ ಕ್ವಾಂಟಮ್ ಡಾಟ್‌ಗಳಿಗಾಗಿ. ಫಿಲ್ಟರಿನ ಗಡಿಯನ್ನು ಬೇಕಾದ ಕಡೆ ನಿಲ್ಲಿಸಬಹುದು ಎಂಬ ಆಸೆ ಹುಟ್ಟುವುದು ಇಲ್ಲಿಂದಲೇ. ಕ್ಯಾಡ್ಮಿಯಂ ವಿಷ, ಆದ್ದರಿಂದ ಮುಖದ ಮೇಲೆ ಧರಿಸುವ ವಸ್ತುವಿಗೆ ಅದಿಲ್ಲದ ದಾರಿ ಹುಡುಕಬೇಕು.

ಪದರ ಹಾಕುವ ಫಿಲ್ಟರುಗಳದ್ದು ಬೇರೆಯೇ ಲೆಕ್ಕ. ಹತ್ತಾರು ನ್ಯಾನೋಮೀಟರ್ ದಪ್ಪದ ಟೈಟಾನಿಯಂ ಡೈಆಕ್ಸೈಡ್, ಸಿಲಿಕಾ ಪದರಗಳನ್ನು ಒಂದರ ಮೇಲೊಂದು ಕೂರಿಸಿದರೆ ಬೇಕಾದ ತರಂಗಾಂತರ ಹಿಂದಕ್ಕೆ ಪ್ರತಿಫಲಿಸುತ್ತದೆ. ಕೆಲವು ಲೆನ್ಸುಗಳ ಮೇಲೆ ಕಾಣುವ ನೀಲಿ ಮಿಂಚು ಅದೇ. ಇಲ್ಲಿ ಬೆಳಕು ಬೀಳುವ ಕೋನ ಮುಖ್ಯ. ನೇರ ಬಂದ 450ರ ಬೆಳಕಿಗೆ ಮಾಡಿದ ತಡೆ, 30 ಡಿಗ್ರಿ ಓರೆಯಾಗಿ ಬಂದ ಬೆಳಕಿಗೆ 430ರ ಆಸುಪಾಸಿಗೆ ಜರುಗುತ್ತದೆ. ಯಂತ್ರದಲ್ಲಿ ಲೆನ್ಸನ್ನು ಸ್ವಲ್ಪ ತಿರುಗಿಸಿ ಇಟ್ಟರೆ ಸಾಕು, ಗೆರೆಯ ಹಳ್ಳ ಎಡಕ್ಕೆ ಸರಿಯುವುದು ಕಾಣುತ್ತದೆ. ನಾವು ಕನ್ನಡಕದ ಮೂಲಕ ಯಾವಾಗಲೂ ನೇರವಾಗಿಯೇ ನೋಡುವುದಿಲ್ಲ, ಅಲ್ವಾ?

ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕಿದ್ದು ವೆಲ್ಡಿಂಗ್ ಮಾಡುವವರ ವಿಷಯ. ಒಬ್ಬ ಹುಡುಗ ಬಂದಿದ್ದ. ಕೆಲಸ ಕಲಿಯುತ್ತಿದ್ದಾನೆ. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು. ಆರ್ಕ್ ಬೆಳಕು, ಅಂದರೆ ವೆಲ್ಡಿಂಗ್ ಮಾಡುವಾಗ ಹೊತ್ತುವ ವಿದ್ಯುತ್ ಕಿಡಿಯ ಬೆಳಕು, ಕಣ್ಣಿಗೆ ಬಿದ್ದಾಗ ಏನೂ ಅನಿಸಲಿಲ್ಲವಂತೆ. ಮಧ್ಯರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗಾಗಿ ಎದ್ದು ಕೂತನಂತೆ. ಇದು ಹೀಗೇ ಆಗುವುದು. ನೇರಳಾತೀತ ಕಾರ್ನಿಯಾದ ಮೇಲ್ಪದರದ ಕೋಶಗಳನ್ನು ಕೊಲ್ಲುತ್ತದೆ, ನೋವು ಏಳುವುದು ಆರರಿಂದ ಹನ್ನೆರಡು ಗಂಟೆ ಆದ ಮೇಲೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಅವನು ಆಮೇಲೆ ಹೊಸ ಕನ್ನಡಕ ಕೊಂಡಿದ್ದ. ಬಣ್ಣವಿಲ್ಲದ, ತಿಳಿಯಾದ ಪ್ಲಾಸ್ಟಿಕ್ ಕನ್ನಡಕ. ಡಬ್ಬಿಯ ಮೇಲೆ ‘ನ್ಯಾನೋ ಕೋಟಿಂಗ್, ಎಲ್ಲ ಹಾನಿಕರ ಕಿರಣಗಳಿಂದ ರಕ್ಷಣೆ’ ಎಂದಿತ್ತು. ಇದನ್ನೇ ಹಾಕಿಕೊಂಡು ಆರ್ಕ್ ನೋಡಬಹುದಾ ಎಂದು ಕೇಳಲು ಬಂದಿದ್ದ.

ಯಂತ್ರಕ್ಕೆ ಹಾಕಿದೆ. 380ರ ಕೆಳಗೆ ಗೆರೆ ಸೊನ್ನೆ. ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಸ್ವಂತ ಗುಣ, ಕೋಟಿಂಗ್ ಇಲ್ಲದಿದ್ದರೂ ಹಾಗೇ ಬರುತ್ತದೆ. 440ರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು. ಅವಕೆಂಪಿನ 1000ದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಇದನ್ನು ಹಾಕಿಕೊಂಡು ಆರ್ಕ್ ನೋಡಿದರೆ ರಾತ್ರಿ ಕಣ್ಣು ಉರಿಯದೇ ಇರಬಹುದು. ಉರಿ ಇಲ್ಲ ಎಂಬ ಧೈರ್ಯದಲ್ಲಿ ದಿನವೂ ನೋಡುತ್ತಾ ಹೋಗುತ್ತಾನೆ. ಆರ್ಕಿನ ನೀಲಿ ಮತ್ತು ಅವಕೆಂಪು ದಿನವೂ ರೆಟಿನಾದ ಮೇಲೆ ಬೀಳುತ್ತದೆ. ರೆಟಿನಾಕ್ಕೆ ನೋವು ತಿಳಿಯುವುದಿಲ್ಲ. ಆರ್ಕ್ ವೆಲ್ಡಿಂಗಿಗೆ ಸಾಮಾನ್ಯವಾಗಿ 10ನೇ ನಂಬರ್ ಶೇಡ್ (ಗಾಜು ಎಷ್ಟು ಗಾಢ ಎಂಬುದರ ಅಳತೆ) ಅಥವಾ ಅದಕ್ಕೂ ಗಾಢವಾದದ್ದು ಬೇಕು. 10ನೇ ಶೇಡ್ ಬಿಡುವುದು ಹತ್ತು ಸಾವಿರದಲ್ಲಿ ಸುಮಾರು ಒಂದೂವರೆ ಪಾಲು ಬೆಳಕನ್ನು. ಅವನ ಕನ್ನಡಕ ಹತ್ತು ಸಾವಿರದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬಿಡುತ್ತಿತ್ತು. ಗೆರೆಯನ್ನು ಮುದ್ರಿಸಿ ಅವನ ಕೈಗೆ ಕೊಟ್ಟೆ. ಯಾವ ಭಾಗ ನೀಲಿ, ಯಾವ ಭಾಗ ಅವಕೆಂಪು ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಟ್ಟೆ. ಹೆಲ್ಮೆಟ್ ಇಲ್ಲದೆ ಆರ್ಕ್ ಮುಂದೆ ಹೋಗಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ.

ನ್ಯಾನೋ ಪದರ ನಿಜಕ್ಕೂ ಕೆಲಸಕ್ಕೆ ಬರುವುದು ಎಲ್ಲಿ ಅಂದರೆ ತಾನಾಗಿ ಕಪ್ಪಾಗುವ ವೆಲ್ಡಿಂಗ್ ಹೆಲ್ಮೆಟ್‌ನಲ್ಲಿ. ಕಪ್ಪಾಗುವುದು ದ್ರವ ಹರಳಿನ ಕಿಟಕಿ. ಅದರ ಮುಂದೆ ತೆಳು ಪದರಗಳ ಫಿಲ್ಟರ್ ಒಂದು ಸದಾ ಕೂತಿರುತ್ತದೆ. ಬ್ಯಾಟರಿ ಸತ್ತರೂ, ಕಿಟಕಿ ಕಪ್ಪಾಗುವುದು ತಡವಾದರೂ, ನೇರಳಾತೀತವನ್ನೂ ಅವಕೆಂಪನ್ನೂ ಅದು ತಡೆಯುತ್ತಲೇ ಇರುತ್ತದೆ. ಅದರ ಬಗ್ಗೆ ಯಾರೂ ಜಾಹೀರಾತು ಕೊಡುವುದಿಲ್ಲ. ನಿಮ್ಮ ವಿಜ್ಞಾನ ಪುಟಕ್ಕೆ ಅದು ಒಳ್ಳೆಯ ವಿಷಯ.

ಲೇಸರ್ ಬಗ್ಗೆಯೂ ಸ್ವಲ್ಪ ಹೇಳಬೇಕು. ಲೇಸರ್ ಕಿರಣವನ್ನು ಕಣ್ಣು ರೆಟಿನಾದ ಮೇಲೆ ಒಂದು ಚುಕ್ಕೆಗೆ ಕೂಡಿಸಿದಾಗ ಅದರ ಸಾಂದ್ರತೆ ಲಕ್ಷ ಪಟ್ಟು ಏರಬಹುದು. ಅಗ್ಗದ ಹಸಿರು ಪಾಯಿಂಟರುಗಳಲ್ಲಿ ಹಸಿರು ಹುಟ್ಟುವುದೇ 808 ಮತ್ತು 1064ರ ಅವಕೆಂಪಿನಿಂದ. ಅದನ್ನು ತಡೆಯುವ ಚಿಕ್ಕ ಫಿಲ್ಟರ್ ಒಳಗಿಲ್ಲದಿದ್ದರೆ ಹಸಿರಿನ ಜೊತೆ ಕಾಣದ ಅವಕೆಂಪೂ ಬರುತ್ತದೆ. 2010ರಲ್ಲಿ ಅಮೆರಿಕದ ಅಳತೆ-ಮಾನದಂಡಗಳ ಎನ್‌ಐಎಸ್‌ಟಿ ಸಂಸ್ಥೆ ಇಂಥದ್ದನ್ನು ಅಳೆದು ಎಚ್ಚರಿಸಿತು. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಮುಚ್ಚುವುದಿಲ್ಲ. ಲೇಸರ್ ಕೆಲಸದವರ ಕನ್ನಡಕದ ಮೇಲೆ ತರಂಗಾಂತರವನ್ನೂ ತಡೆಯ ಅಳತೆಯನ್ನೂ ಬರೆದಿರುತ್ತಾರೆ. 6 ಎಂದಿದ್ದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ ಎಂದರ್ಥ. 532ಕ್ಕೆ ಮಾಡಿದ ಕನ್ನಡಕ ಹಾಕಿಕೊಂಡು 1064ರ ಮುಂದೆ ನಿಂತರೆ ಬರಿಗಣ್ಣಲ್ಲಿ ನಿಂತ ಹಾಗೇ ಆಗಬಹುದು. ಇಲ್ಲಿ ಎಲ್ಲರೂ ಅಂಕಿ ಕೇಳುತ್ತಾರೆ, ಎಲ್ಲರೂ ಅಂಕಿ ಕೊಡುತ್ತಾರೆ. ಮನೆಮಂದಿ ಹಾಕುವ ಕನ್ನಡಕಕ್ಕೆ ಮಾತ್ರ ಯಾಕೆ ಬೇಡ?

ಮುಂದೆ ಯಾವ ಲೇಸರ್ ಬರುತ್ತದೋ ಗೊತ್ತಿಲ್ಲದ ಕಡೆ ಏನು ಮಾಡುವುದು? ಎಲ್ಲ ಬಣ್ಣ ತಡೆದರೆ ಏನೂ ಕಾಣುವುದಿಲ್ಲ. ಇದಕ್ಕೇ ನ್ಯಾನೋ ವಸ್ತುಗಳಲ್ಲಿ ದೊಡ್ಡ ಹುಡುಕಾಟ ನಡೆದಿದೆ. ಸಾಮಾನ್ಯ ಬೆಳಕಿಗೆ ತಿಳಿಯಾಗಿದ್ದು, ಬೆಳಕು ಮಿತಿ ಮೀರಿದ ಕ್ಷಣಕ್ಕೆ ತಾನೇ ಮುಚ್ಚಿಕೊಳ್ಳುವ ಫಿಲ್ಟರ್ ಅದು. 1992ರಲ್ಲಿ ಲೀ ಟಟ್ ಮತ್ತು ಅಲನ್ ಕೋಸ್ಟ್ ಎಂಬ ವಿಜ್ಞಾನಿಗಳು 60 ಇಂಗಾಲದ ಪರಮಾಣುಗಳ ಚೆಂಡು, ಫುಲ್ಲರೀನ್, ಕರಗಿದ ದ್ರಾವಣದಲ್ಲಿ ಇದನ್ನು ತೋರಿಸಿದರು. ಇಂಗಾಲದ ನ್ಯಾನೋ ಕೊಳವೆಗಳನ್ನು ದ್ರವದಲ್ಲಿ ತೇಲಿಬಿಟ್ಟರೆ ಲೇಸರಿನ ಪ್ರಖರ ಮಿಡಿತಕ್ಕೆ (ಕ್ಷಣಮಾತ್ರ ಬಂದು ಹೋಗುವ ಬೆಳಕಿಗೆ) ಕಾದು, ಸುತ್ತ ಗುಳ್ಳೆ ಎದ್ದು, ಬೆಳಕನ್ನು ಚೆದುರಿಸುತ್ತವೆ. ಆದರೆ ಗುಳ್ಳೆ ಏಳಲು ಕೆಲವು ನ್ಯಾನೋಸೆಕೆಂಡ್ ಬೇಕು. ಮಿಡಿತ ಅದಕ್ಕಿಂತ ಚಿಕ್ಕದಿದ್ದರೆ ಗುಳ್ಳೆ ಏಳುವ ಮೊದಲೇ ಅದು ದಾಟಿಹೋಗಿರುತ್ತದೆ. ಇಂಥ ಸುದ್ದಿ ಬರೆಯುವಾಗ ಮಿಡಿತ ಎಷ್ಟು ಉದ್ದದ್ದು ಎಂದು ಒಂದು ಸಾಲು ಸೇರಿಸಿದರೆ ಓದುವವರಿಗೆ ಇಡೀ ಚಿತ್ರ ಸಿಗುತ್ತದೆ.

ಬಿಸಿಲಿನ ಕಪ್ಪು ಕನ್ನಡಕದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಣ್ಣ ಕಪ್ಪಿದ್ದು ನೇರಳಾತೀತ ತಡೆಯದಿದ್ದರೆ ಅದು ಇಲ್ಲದ್ದಕ್ಕಿಂತ ಕೆಟ್ಟದ್ದಾಗಬಹುದು. ಕತ್ತಲೆಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ನೇರಳಾತೀತ ಜಾಸ್ತಿ ಒಳಗೆ ಹೋಗುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ 0ಯಿಂದ 4ರವರೆಗೆ ವರ್ಗಗಳಿವೆ. 3ನೇ ವರ್ಗ ನೂರಕ್ಕೆ 8ರಿಂದ 18 ಪಾಲು ಬೆಳಕು ಬಿಡುತ್ತದೆ, 4ನೇದು 3ರಿಂದ 8. 4ನೇದನ್ನು ಹಾಕಿಕೊಂಡು ವಾಹನ ಓಡಿಸಬಾರದು. ಗ್ರಹಣ ನೋಡುವ ಕನ್ನಡಕ ಬಿಡಬಹುದಾದದ್ದು ಹೆಚ್ಚೆಂದರೆ ನೂರಕ್ಕೆ 0.0032. ಈ ಎರಡು ಅಂಕಿ ಪಕ್ಕಪಕ್ಕ ಅಚ್ಚು ಹಾಕಿದರೆ, ಕಪ್ಪು ಕನ್ನಡಕದಲ್ಲಿ ಗ್ರಹಣ ನೋಡುವ ಯೋಚನೆ ಯಾರಿಗೂ ಬರಲಾರದು. ಇನ್ನು ಎಷ್ಟು ಒಳ್ಳೆಯ ಲೆನ್ಸ್ ಇದ್ದರೂ ಪಕ್ಕದಿಂದ ನುಗ್ಗುವ ಬೆಳಕಿಗೆ ಅದು ಏನೂ ಮಾಡದು. ಪಕ್ಕದಿಂದ ಬಂದ ಕಿರಣವನ್ನು ಕಾರ್ನಿಯಾ ಮೂಗಿನ ಕಡೆಯ ಅಂಚಿಗೆ ಕೂಡಿಸುತ್ತದೆ, ಅಲ್ಲಿ ಅದರ ತೀವ್ರತೆ ಸುಮಾರು 20 ಪಟ್ಟು ಏರಬಹುದು ಎಂದು ಕಣ್ಣಿನ ವೈದ್ಯ ಮಿನಾಸ್ ಕೊರೊನಿಯೊ ತೋರಿಸಿದರು. ಕಣ್ಣಿನ ಬಿಳಿಯಿಂದ ಕಪ್ಪಿನ ಮೇಲೆ ಹರಿಯುವ ಮಾಂಸದ ಪೊರೆ ಹೆಚ್ಚಾಗಿ ಮೂಗಿನ ಕಡೆಗೇ ಬೆಳೆಯುತ್ತದೆ. ಅದಕ್ಕೆ ಮದ್ದು ಕೆನ್ನೆಗೆ ಹತ್ತಿರ ಕೂರುವ ಅಗಲ ಫ್ರೇಮ್ ಮತ್ತು ಅಂಚಿನ ಟೋಪಿ.

ಈ ಕಣಗಳನ್ನು ತಯಾರಿಸುವವರ ಕ್ಷೇಮವನ್ನೂ ಮರೆಯಬಾರದು. ಲೆನ್ಸಿನೊಳಗೆ ಹುದುಗಿದ ಕಣ ಧರಿಸುವವರ ಉಸಿರಿಗೆ ಹೋಗುವುದಿಲ್ಲ. ಆದರೆ ಒಣ ಪುಡಿಯನ್ನು ತೂಗುವವರು, ಸಿಂಪಡಿಸುವವರು ಅದನ್ನು ಉಸಿರಾಡುತ್ತಾರೆ. ಉಸಿರಿನ ಮೂಲಕ ಒಳಹೋಗುವ ಟೈಟಾನಿಯಂ ಡೈಆಕ್ಸೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯ ಐಎಆರ್‌ಸಿ ಸಂಸ್ಥೆ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿನಲ್ಲಿ ಇಟ್ಟಿದೆ. ಕಣ್ಣು ಕಾಯುವ ವಸ್ತು ಮಾಡುವವರ ಶ್ವಾಸಕೋಶವನ್ನೂ ಕಾಯಬೇಕು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಯಾವುದೇ ಕಣ್ಣಿನ ಫಿಲ್ಟರ್ ಬಗ್ಗೆ ಬರೆದಾಗ ತಯಾರಕರಿಂದ ಆ ಗೆರೆಯ ಚಿತ್ರ ಕೇಳಿ ತರಿಸಿ. 280ರಿಂದ 1400ರವರೆಗಿನದು ಬೇಕು ಎನ್ನಿ. ಅದನ್ನು ಬರಹದ ಪಕ್ಕ ಅಚ್ಚು ಹಾಕಿ. ಎಷ್ಟು ಕೋನಕ್ಕೆ ಅಳೆದದ್ದು, ಬಿಸಿಲಲ್ಲಿ ಇಟ್ಟ ಮೇಲೆ ಮತ್ತೆ ಅಳೆದಿದ್ದಾರಾ ಎಂದೂ ಕೇಳಿ. ಕೊಡಲಿಲ್ಲ ಅಂದರೆ ‘ಕೇಳಿದೆವು, ಕೊಡಲಿಲ್ಲ’ ಎಂದು ಬರೆಯಿರಿ. ಓದುಗರೂ ಅಂಗಡಿಯಲ್ಲಿ ಟಾರ್ಚ್ ತೋರಿಸಿದಾಗ 440ರಲ್ಲಿ ಎಷ್ಟು ಬಿಡುತ್ತದೆ ಎಂದು ಒಂದು ಮಾತು ಕೇಳಲಿ. ವೆಲ್ಡಿಂಗ್ ಕನ್ನಡಕ, ಹೆಲ್ಮೆಟ್ಟುಗಳ ಶೇಡ್ ನಂಬರ್ ವಿವರಿಸುವ ಒಂದು ಪಟ್ಟಿಯನ್ನು ನಿಮ್ಮ ಪತ್ರಿಕೆ ಹಾಕುವುದಾದರೆ ನಾನೇ ಸಿದ್ಧಮಾಡಿ ಕಳಿಸುತ್ತೇನೆ. ದೊಡ್ಡ ಅಕ್ಷರದಲ್ಲಿ ಹಾಕಿ, ಕೆಲಸದ ಜಾಗದಲ್ಲಿ ಗೋಡೆಗೆ ಅಂಟಿಸಲು ಅನುಕೂಲವಾಗುತ್ತದೆ.

ಇಂತಿ,
ಲೆನ್ಸ್ ಪರೀಕ್ಷೆಯ ಕೆಲಸದಲ್ಲಿರುವ ನಿಮ್ಮ ಓದುಗಿ